ಫ್ಯಾನ್ ಆಫ್ ಇದೆ, ಎಸ್ ಒತ್ತಪ್ಪಾ!

ಮೊನ್ನೆಯಿಂದ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೇನೆ. ಹಾಡು ಎಡಿಟ್ ಮಾಡುವಾಗ ಮೌಸ್ ಬಿಟ್ಟು ಕೀಬೋರ್ಡ್ ಹಿಡಿಯಿರಿ ಅಂತ ಇವತ್ತು ಬರೆದೇ ಬಿಡುತ್ತೇನೆ.

ರಾಯಚೂರಲ್ಲಿ ಗೆಳೆಯನ ಸ್ಟುಡಿಯೋಗೆ ಹೋಗಿದ್ದೆ. ಸ್ಟುಡಿಯೋ ಅಂದ್ರೆ ನಿಮಗೆ ಗೊತ್ತಲ್ಲ, ಮಾಳಿಗೆ ಮೇಲಿನ ಒಂದು ರೂಮು, ಗೋಡೆಗೆ ಫೋಮು, ಕಿಟಕಿಗೆ ಕೌದಿ. ತತ್ವಪದ ಹಾಡಲು ಹಳ್ಳಿಯಿಂದ ಒಬ್ಬ ಅಜ್ಜ ಬಂದಿದ್ದರು, ಕೈಯಲ್ಲಿ ಏಕತಾರಿ. ಮೈಕ್ ಆನ್ ಆಯಿತು ಅಂದ್ರೆ ಫ್ಯಾನ್ ಆಫ್. ಮೇ ತಿಂಗಳು, ರಾಯಚೂರು, ಮುಚ್ಚಿದ ರೂಮು, ಫ್ಯಾನ್ ಆಫ್. ಮುಂದೆ ಓದುವಾಗ ಇದೊಂದು ನೆನಪಲ್ಲಿರಲಿ.

ಎರಡನೇ ನುಡಿಯಲ್ಲಿ ಅಜ್ಜ ಒಂದು ಸಾಲು ತಪ್ಪಿದರು. ಅಲ್ಲಿಗೆ ತುಂಡು ಮಾಡಿ, ಅಲ್ಲಿಂದ ಮತ್ತೆ ಹಾಡಿಸಬೇಕು, ಅಷ್ಟೇ. ಕಂಪ್ಯೂಟರ್ ಮುಂದಿದ್ದ ಹುಡುಗ ಮೌಸ್ ಹಿಡಿದ. ಮೇಲೆ ಹೋಗಿ ಮೆನು ತೆರೆದ. ಉದ್ದನೆಯ ಪಟ್ಟಿಯಲ್ಲಿ ತುಂಡು ಮಾಡುವ ಸ್ಪ್ಲಿಟ್ ಎಲ್ಲಿದೆ ಅಂತ ಹುಡುಕಿದ. ಸಿಕ್ಕಿತು, ಆದರೆ ಜಾಗ ತಪ್ಪಿತು. ಅದನ್ನು ರದ್ದು ಮಾಡಲು ಮತ್ತೊಂದು ಮೆನು. ಅಜ್ಜನ ಬೆವರು ಏಕತಾರಿ ಮೇಲೆ ತೊಟ್ಟಿಕ್ಕುತ್ತಿತ್ತು. "ಏನು ಹುಡುಕ್ಲಿಕತ್ತಿ ತಮ್ಮಾ, ಏನರ ಕಳಕೊಂಡಿಯೇನು?" ಅಂದರು.

ಅವನ ಮುಂದಿದ್ದ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ ಆ ಇಡೀ ಕೆಲಸಕ್ಕೆ ಒಂದೇ ಅಕ್ಷರ, ಎಸ್! ತಪ್ಪಾದರೆ ಕಂಟ್ರೋಲ್ ಝಡ್. ರೆಕಾರ್ಡಿಂಗ್‌ಗೆ ಕಂಟ್ರೋಲ್ ಆರ್. ಮುಗೀತು.

ಎಡಿಟ್ ಮಾಡುವವನಿಗೆ ಹತ್ತು ಸೆಕೆಂಡ್ ಹೋದರೆ ಏನೂ ಆಗಲ್ಲ. ಹಾಡುವವರಿಗೆ ಆ ಹತ್ತು ಸೆಕೆಂಡಲ್ಲಿ ಶ್ರುತಿಯೂ ಹೋಗುತ್ತದೆ, ಮನಸ್ಸೂ ಹೋಗುತ್ತದೆ. ಇನ್ನೊಂದು ಮಾತು. ಮೌಸ್ ಹಿಡಿದವನ ಕಣ್ಣು ಬಾಣದ ಹಿಂದೆಯೇ ಓಡುತ್ತಿರುತ್ತದೆ. ಕಣ್ಣು ಅಷ್ಟು ಓಡುವಾಗ ಕಿವಿ ಎಲ್ಲಿ ಕೇಳುತ್ತದೆ? ಕೀ ಮೇಲೆ ಕೈ ಇದ್ದರೆ ಕಣ್ಣು ಮುಚ್ಚಿಕೊಂಡು ಕೇಳಬಹುದು. ಉಸಿರು ಎಳೆಯುವ ಮುಂಚೆಯೇ ಕತ್ತರಿಸಬಹುದು.

ಈಗ ಬರುತ್ತಾರೆ ನೋಡಿ ಪಂಡಿತರು. ಆಪಲ್‌ನಲ್ಲಿದ್ದ ಬ್ರೂಸ್ ಟೊಗ್ನಾಝಿನಿ 1989ರಲ್ಲೇ ಬರೆದಿದ್ದಾರೆ, ಕೀಬೋರ್ಡೇ ಬೇಗ ಅಂತ ಜನಕ್ಕೆ ಅನಿಸುತ್ತದೆ, ಗಡಿಯಾರ ಹಿಡಿದರೆ ಮೌಸೇ ಬೇಗ ಅಂತ. ಇರಲಿ. ಅವರ ಗಡಿಯಾರ ಅಳೆದದ್ದು ಕೈಯನ್ನು, ಕಿವಿಯನ್ನಲ್ಲ. ಮತ್ತೆ ಅಲ್ಲಿ ಫ್ಯಾನ್ ಆಫ್ ಇರಲಿಲ್ಲ ಅಂತ ಕಾಣುತ್ತದೆ.

ಒಂದೊಂದು ಸಾಫ್ಟ್‌ವೇರ್‌ಗೆ ಒಂದೊಂದು ಕೀ, ಯಾರು ಬಾಯಿಪಾಠ ಮಾಡ್ತಾರೆ ಅನ್ನುವುದು ಇನ್ನೊಂದು ರಾಗ. ನಿಜ, ಏಬಲ್ಟನ್‌ನಲ್ಲಿ ಕತ್ತರಿಸಲು ಕಂಟ್ರೋಲ್ ಇ, ಕ್ಯೂಬೇಸ್‌ನಲ್ಲಿ ಆಲ್ಟ್ ಎಕ್ಸ್. ಆದರೆ ನೀನು ದಿನಾ ಕೂರುವುದು ಒಂದರ ಮುಂದೆ ತಾನೇ? ಹತ್ತು ಕೀ ಸಾಕು. ರೀಪರ್‌ನಲ್ಲಂತೂ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಎಲ್ಲ ಕಮಾಂಡ್‌ಗಳ ಪಟ್ಟಿ ಬರುತ್ತದೆ, ಬೇಕಾದ ಕೀ ನೀನೇ ಇಟ್ಟುಕೋ. ಎಫ್‌ಎಲ್ ಸ್ಟುಡಿಯೋದಲ್ಲಿ ಡಿಜೆ ಬೀಟ್ ಬಿಡಿಸುವ ಹುಡುಗರಿಗೆ ಮೌಸ್ ಬೇಕೇ ಬೇಕು, ಒಪ್ಪಿದೆ. ಅವರ ಮುಂದೆ ಬೆವರುವ ಅಜ್ಜ ಕೂತಿರುವುದಿಲ್ಲ.

ನನ್ನದೇನೂ ಹುಟ್ಟು ಜಾಣತನ ಅಲ್ಲ. ಟೈಪಿಂಗ್ ಕ್ಲಾಸಲ್ಲಿ ಬೆರಳು ಸವೆಸಿದ್ದರಿಂದ ಬಂದದ್ದು. ಒಮ್ಮೆ ಕರ್ಸರ್ ಹೆಸರಿನ ಪೆಟ್ಟಿಗೆಯಲ್ಲಿದೆ ಅಂತ ನೋಡದೆ ಎಸ್ ಒತ್ತಿ ಒತ್ತಿ, ಹಾಡು ಕತ್ತರಿಸುವ ಬದಲು ಟ್ರ್ಯಾಕ್ ಹೆಸರಿನ ತುಂಬ ಎಸ್ ಎಸ್ ಎಸ್ ಬರೆದವನು ನಾನು.

ಇಷ್ಟೆಲ್ಲ ಬೈದಮೇಲೆ ಹೇಳಿಬಿಡುತ್ತೇನೆ. ಆ ಹುಡುಗನಿಗೆ ಕಲಿಸಿದ್ದು ನಾನೇ. ಪರದೆಗೆ ಬೆರಳಿಟ್ಟು "ಇಲ್ಲಿ ಒತ್ತು, ಆಮೇಲೆ ಇಲ್ಲಿ ಒತ್ತು" ಅಂತ ತೋರಿಸುವುದು ನನಗೆ ಸುಲಭ ಇತ್ತು. ಕೀ ಹೇಳಿಕೊಡುವಷ್ಟು ತಾಳ್ಮೆ ಇರಲಿಲ್ಲ.

ನಿನ್ನೆ ರಾತ್ರಿ ಅವನ ಮೆಸೇಜ್ ಬಂತು: "ಅಣ್ಣಾ, ಎಸ್ ಒತ್ತಿದೆ. ಏಕತಾರಿ, ತಾಳ, ಎಲ್ಲಾ ತುಂಡಾದ್ವು."

ಅಜ್ಜನ ದನಿಯೊಂದನ್ನೇ ಮೊದಲು ಆರಿಸಿಕೋಬೇಕು, ಅದರ ಮೇಲೆ ಮೌಸಲ್ಲಿ ಒಂದು ಕ್ಲಿಕ್ ಮಾಡು ಅಂತ ಬರೆದೆ. ಅಳಿಸಿದೆ. ಮತ್ತೆ ಅದನ್ನೇ ಬರೆದು ಕಳಿಸಿದೆ.