ಹತ್ತು ನಿಮಿಷದಲ್ಲಿ ಹುಟ್ಟಿದ ಹಾಡು

ಮತ್ತೊಂದು ಹಾಡು ಹಿಟ್ ಆಗಿದೆ. ನೀವೂ ಕೇಳಿದ್ದೀರಿ. ಕೇಳದೆ ಇರೋಕೆ ಬಿಟ್ಟರೆ ತಾನೆ? ಡೊಂಬಿವಲಿಯಿಂದ ದಾದರಿನವರೆಗೂ ಮುಂಬೈ ಲೋಕಲ್ ರೈಲಿನಲ್ಲಿ ಪಕ್ಕದವನ ಮೊಬೈಲಿನಿಂದ ಅದೇ 15 ಸೆಕೆಂಡು, ಮತ್ತೆ ಮತ್ತೆ. ಮುಂದಿನ ಚರಣ ಕೇಳಿದವರು ಯಾರೂ ಸಿಕ್ಕಿಲ್ಲ. ಚರಣ ಇದೆಯೋ ಇಲ್ಲವೋ ಅಂತ ನನಗೇ ಅನುಮಾನ.

ಸಂಗೀತ ನಿರ್ದೇಶಕರ ಸಂದರ್ಶನವೂ ಬಂತು. ಕಾರು ಅಂಧೇರಿಯ ಸಿಗ್ನಲ್ಲಿನಲ್ಲಿ ನಿಂತಿತ್ತಂತೆ. ಹೊರಗೆ ಮಳೆಯಂತೆ. ಹತ್ತೇ ನಿಮಿಷದಲ್ಲಿ ಟ್ಯೂನ್ ತಾನಾಗಿ ಬಂತಂತೆ. ಬರದೆ ಏನು? ಮೂವತ್ತು ವರ್ಷದ ಹಿಂದೆ ಒಮ್ಮೆ ಬಂದು ಹೋಗಿದ್ದ ಟ್ಯೂನ್ ಅದು, ದಾರಿ ಗೊತ್ತಿತ್ತು.

ಎ. ಆರ್. ರೆಹಮಾನ್ ಅವರಿಗೆ ಈ ಭಾಗ್ಯ ಇರಲಿಲ್ಲ. ಅವರದೇ 2009ರ ‘ಮಸಕಲಿ’ ಹಾಡಿಗೆ 2020ರಲ್ಲಿ ಯಾರೋ ಹೊಸ ಅಂಗಿ ತೊಡಿಸಿದಾಗ ಅವರು ಬೇಸರದಿಂದ ಬರೆದರು: ಅದರ ಹಿಂದೆ 200ಕ್ಕೂ ಹೆಚ್ಚು ವಾದ್ಯಗಾರರು, 365 ದಿನದ ತಲೆಬಿಸಿ ಇತ್ತು ಅಂತ. 365 ದಿನ! ಪಾಪ, ಅವರಿಗೆ ಅಂಧೇರಿ ಸಿಗ್ನಲ್ ಸಿಗಲಿಲ್ಲ.

ನಿಜವಾಗಿ ಹಾಡು ಹೇಗೆ ಹುಟ್ಟುತ್ತದೆ ಅಂತ ನಮ್ಮ ಬಿಲ್ಡಿಂಗಿನ ಶೆಟ್ಟರ ಮಗ ಹೇಳಿದ. ಒಂದು ಸ್ಟುಡಿಯೋದಲ್ಲಿ ರಾತ್ರಿಯಿಡೀ ಕೂತು ಬೀಟ್ ಕೂಡಿಸುವ ಹುಡುಗ ಅವನು. ಕಂಪನಿಯಿಂದ ಹಳೆ ಹಾಡುಗಳ ಪಟ್ಟಿ ಬರುತ್ತದೆ. ಒಂದನ್ನು ಆರಿಸಬೇಕು. ಪಲ್ಲವಿ ಇಟ್ಟುಕೊಂಡು ಉಳಿದದ್ದನ್ನು ಬಿಸಾಕಿ, ನಡುವೆ ರ್‍ಯಾಪ್ ತುರುಕಬೇಕು.

“ಸಿನಿಮಾದ ಕತೆ ಏನಪ್ಪಾ?” ಅಂದೆ.

“ಅದನ್ನ ನಮಗೆ ಯಾರೂ ಹೇಳಲಿಲ್ಲ ಅಂಕಲ್.”

ಚಿತ್ರಾನ್ನಕ್ಕೆ ಹೋಲಿಸೋಣ ಅಂದುಕೊಂಡೆ. ಬೇಡ, ಚಿತ್ರಾನ್ನಕ್ಕೆ ಅವಮಾನ. ಅದರಲ್ಲಿ ನಿನ್ನೆಯ ಅನ್ನವಾದರೂ ನಮ್ಮ ಮನೆಯದ್ದೇ.

ಹಾಡು ಹುಟ್ಟುವ ಕತೆ ಬೇಕಾದರೆ 1977ರದ್ದು ಕೇಳಿ. ‘ಅಮರ್ ಅಕ್ಬರ್ ಆಂಥೊನಿ’ ಸಿನಿಮಾದ ಆಂಥೊನಿ ಮೊದಲು ಫರ್ನಾಂಡಿಸ್ ಆಗಿದ್ದ. ಅವನನ್ನು ಗೊನ್ಸಾಲ್ವಿಸ್ ಮಾಡಿ ಅಂತ ಕೇಳಿಕೊಂಡದ್ದು ಸಂಗೀತ ನಿರ್ದೇಶಕ ಪ್ಯಾರೆಲಾಲ್. ಅವರಿಗೆ ಪಿಟೀಲು ಕಲಿಸಿದ ಮೇಷ್ಟ್ರು ಗೋವಾದ ಮಜೋರ್ಡಾ ಊರಿನ ಆಂಥೊನಿ ಗೊನ್ಸಾಲ್ವಿಸ್. ‘ಮೈ ನೇಮ್ ಈಸ್ ಆಂಥೊನಿ ಗೊನ್ಸಾಲ್ವಿಸ್’ ಹಾಡಿನಲ್ಲಿ ದೊಡ್ಡ ಮೊಟ್ಟೆಯೊಳಗಿಂದ ಅಮಿತಾಭ್ ಎದ್ದು ಬಂದು ಹೇಳಿದ ಹೆಸರು ಒಬ್ಬ ನಿಜವಾದ ಮೇಷ್ಟ್ರದ್ದು ಅಂತ ಥಿಯೇಟರಿನಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಶಿಷ್ಯನಿಗೆ ಗೊತ್ತಿತ್ತು. ಗುರುದಕ್ಷಿಣೆ ಅಂದರೆ ಅದು.

ಆದರೆ ಎಲ್ಲರಿಗೂ ಪ್ಯಾರೆಲಾಲ್‌ನಂಥ ಶಿಷ್ಯ ಸಿಗುವುದಿಲ್ಲ. ಮುಂಬೈ ಸಿನಿಮಾಗಳಿಗೆ ವರ್ಷಗಟ್ಟಲೆ ನೊಟೇಶನ್ ಬರೆದ, ಪಿಟೀಲು, ಟ್ರಂಪೆಟ್ ನುಡಿಸಿದ ಎಷ್ಟೋ ಗೋವನ್ನರ ಹೆಸರು ತೆರೆಯ ಮೇಲೆ ಬರಲೇ ಇಲ್ಲ. ಆಗ ಜಾಗ ಇರಲಿಲ್ಲ ಅಂತಿಟ್ಟುಕೊಳ್ಳೋಣ. ಈಗ ಈ ಹೊಸ ಹಾಡಿನ ಕೆಳಗೆ ಎಂಟು ಹೆಸರಿವೆ. ಮರುಸೃಷ್ಟಿ ಮಾಡಿದವರು, ಹೆಚ್ಚುವರಿ ಸಾಲು ಬರೆದವರು, ಪರಿಕಲ್ಪನೆಯವರು. ಹಳೆ ಟ್ಯೂನ್ ಮಾಡಿದವರು ಕೊನೆಯಲ್ಲಿ, ಇರುವೆ ಗಾತ್ರದಲ್ಲಿ. ಮೂರು ರಾತ್ರಿ ನಿದ್ದೆಗೆಟ್ಟ ಶೆಟ್ಟರ ಮಗ ಎಲ್ಲೂ ಇಲ್ಲ. ದುಡ್ಡು ಮುಂದಿನ ತಿಂಗಳಂತೆ. ಹೋದ ತಿಂಗಳೂ ಹಾಗೇ ಅಂದಿದ್ದರು. ನನಗೆ ಇದರಲ್ಲಿ ನಗು ಬರುತ್ತಿಲ್ಲ. ಕದ್ದದ್ದಕ್ಕೆ ಎಂಟು ಜನ ಸಹಿ ಹಾಕುತ್ತಾರೆ, ಕೆಲಸ ಮಾಡಿದವನಿಗೆ ರಿಕ್ಷಾ ದುಡ್ಡೂ ಕೊಡುವುದಿಲ್ಲ. ನಾಚಿಕೆ ಅನ್ನೋದು ಬೇಡವಾ?

ಮೊನ್ನೆ ಮಾಟುಂಗಾದಲ್ಲಿ ಅವನಿಗೆ ಕಾಫಿ ಕೊಡಿಸಿದೆ. ಮಾಣಿಯ ಮೊಬೈಲ್ ಬಡಿಯಿತು. ಅದೇ ಹಾಡು.

“ಆ ಢೋಲಿನ ಪೆಟ್ಟು ನಂದು ಅಂಕಲ್” ಅಂದ ಹುಡುಗ.

ಮಾಣಿ ಫೋನ್ ಕಟ್ ಮಾಡಿ ಬಿಲ್ ಇಟ್ಟ.