ಅಪ್ಪನ ಹೆಬ್ಬೆಟ್ಟಿಗೆ ನಾನೇ ಹಾಕಿದ ಬೀಗ

ನಮ್ಮ ಮನೆಯ ಒಂಟಿಕೊಪ್ಪಲ್ ಕ್ಯಾಲೆಂಡರ್ ಮೇಲೆ ಕೆಂಪು ಇಂಕಿನಲ್ಲಿ ದಪ್ಪಗೆ 1930 ಅಂತ ಬರೆದಿದೆ. ಹಾಲಿನವನು ಒಮ್ಮೆ ನೋಡಿ, "ಮೇಷ್ಟ್ರು ಹುಟ್ಟಿದ ಇಸವಿನಾ?" ಅಂತ ಕೇಳಿದ್ದ. ಅಪ್ಪನಿಗಿನ್ನೂ 74. ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದರು. ಅದು ಸೈಬರ್ ಸಹಾಯವಾಣಿ ನಂಬರ್. ದುಡ್ಡು ಹೋಯ್ತು ಅಂತ ಗೊತ್ತಾದ ಕೂಡಲೇ, ತಲೆ ಮೇಲೆ ಕೈ ಹೊತ್ತು ಕೂರುವುದಕ್ಕೂ ಮೊದಲು, ಅಲ್ಲಿಗೆ ಫೋನ್ ಮಾಡಬೇಕು. ಬರೆಸಿದ್ದು ನಾನು.

ಯಾಕೆ ಬರೆಸಿದೆ ಅಂದರೆ, ಹಳೇ ವಾಷಿಂಗ್ ಮೆಷಿನ್ನನ್ನು ಆನ್‌ಲೈನ್‌ನಲ್ಲಿ ಮಾರಲು ಹೋಗಿ, "ಸರ್, ನಾನು ಮಿಲಿಟರಿಯವನು, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ನಿಮಗೇ ಬರುತ್ತೆ" ಅಂದವನ ಮಾತು ನಂಬಿ, ಸ್ಕ್ಯಾನ್ ಮಾಡಿದ್ದು ಸಾಲದು ಅಂತ ಪಿನ್ನೂ ಒತ್ತಿ, 4,000 ರೂಪಾಯಿ ಕಳೆದುಕೊಂಡ ಪುಣ್ಯಾತ್ಮ ನಾನು. ಪಿನ್ ಬೇಕಾಗೋದು ದುಡ್ಡು ಕೊಡೋಕೆ, ತಗೊಳ್ಳೋಕಲ್ಲ. ಈ ಜ್ಞಾನೋದಯ ಆಗುವಷ್ಟರಲ್ಲಿ ಬ್ಯಾಂಕಿನ ಮೆಸೇಜ್ ಬಂದಾಗಿತ್ತು. ಮೆಷಿನ್ ಇವತ್ತಿಗೂ ಹಿತ್ತಲಲ್ಲೇ ಇದೆ.

ಆಮೇಲೆ ಶುರುವಾಯ್ತು ನನ್ನ ಉಪದೇಶ. ಒಟಿಪಿ ಯಾರಿಗೂ ಹೇಳಬೇಡಿ. ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಿನಲ್ಲೇ ಇಲ್ಲ, ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಟೋಪಿ ಕಂಡರೆ ಫೋನ್ ಇಡಿ. ವಾಟ್ಸಾಪ್‌ನಲ್ಲಿ ಮದುವೆ ಕಾರ್ಡು ಅಂತ ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಬಂದರೆ ಮುಟ್ಟಬೇಡಿ. ಅಪ್ಪ ಮೂವತ್ತು ವರ್ಷ ಪಾಠ ಮಾಡಿದವರು, ಕೇಳಿಸಿಕೊಂಡಿದ್ದನ್ನು ಚಾಚೂ ತಪ್ಪದೆ ಪಾಲಿಸಿದರು. ಸೋದರತ್ತೆ ಮಗನ ನಿಜವಾದ ಮದುವೆ ಕಾರ್ಡನ್ನೂ ತೆರೆಯದೆ ಡಿಲೀಟ್ ಮಾಡಿದರು. ಅತ್ತೆ ಇನ್ನೂ ಮುನಿಸಿಕೊಂಡೇ ಇದ್ದಾರೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಪ್ಪನ ಹೆಸರಿನಲ್ಲಿದ್ದ ಸೈಟ್ ಮಾರಿ ರಿಜಿಸ್ಟ್ರೇಷನ್ ಮುಗಿಸಿ ಬಂದ ಮೇಲೆ ನನಗೆ 2023ರ ಸುದ್ದಿಗಳು ನೆನಪಾದವು. ಆಸ್ತಿ ಪತ್ರದಲ್ಲಿರುವ ಬೆರಳಚ್ಚನ್ನು ಕದ್ದು, ಅದರ ನಕಲು ಮಾಡಿ, ಆಧಾರ್ ಮೂಲಕ ಖಾತೆಯಿಂದ ದುಡ್ಡು ಎತ್ತುತ್ತಿದ್ದರಲ್ಲ, ಅದೇ. ಇದಕ್ಕೆ ಒಟಿಪಿ ಬೇಡ, ಪಿನ್ ಬೇಡ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಸಾಕು. ಆವತ್ತು ರಾತ್ರಿಯೇ ಕೂತು ಅಪ್ಪನ ಆಧಾರ್ ಬಯೋಮೆಟ್ರಿಕ್‌ಗೆ ಲಾಕ್ ಹಾಕಿದೆ. ಬೆರಳು, ಕಣ್ಣು, ಮುಖ ಮೂರಕ್ಕೂ ಬೀಗ. ನೆಮ್ಮದಿಯಾಗಿ ಮಲಗಿದೆ. ಆಮೇಲೆ ಮರೆತೂಬಿಟ್ಟೆ.

ನವೆಂಬರ್ ಬಂತು. ನವೆಂಬರ್ ಅಂದರೆ ನಮಗೆಲ್ಲ ರಾಜ್ಯೋತ್ಸವ, ಪೆನ್ಷನ್‌ದಾರರಿಗೆ ತಾವು ಬದುಕಿದ್ದೀವಿ ಅಂತ ಸಾಬೀತು ಮಾಡುವ ತಿಂಗಳು. ಬ್ಯಾಂಕಿನಲ್ಲಿ ಮಫ್ಲರ್ ಸುತ್ತಿಕೊಂಡವರ ಸಾಲು. ಅಪ್ಪನ ಸರದಿ ಬಂದಾಗ ಹೆಬ್ಬೆಟ್ಟು ಇಟ್ಟರು. ಆಗಲಿಲ್ಲ. "ಒರೆಸಿ ಇಡಿ ಯಜಮಾನ್ರೇ" ಅಂದರು ಕೌಂಟರಿನವರು. ಪಂಚೆಗೆ ಒರೆಸಿ ಇಟ್ಟರು. ತಲೆಗೂದಲಿಗೆ ಉಜ್ಜಿ, ಎಣ್ಣೆ ಪಸೆ ಮಾಡಿಕೊಂಡು ಇಟ್ಟರು. ತೋರುಬೆರಳು, ಉಂಗುರದ ಬೆರಳು, ಎಡಗೈ, ಹತ್ತೂ ಬೆರಳೂ ಮುಗಿದವು. "ಚಾಕ್‌ಪೀಸ್ ಹಿಡಿದು ಸವೆದುಹೋಗಿದೆ, ಪಾಪ" ಅಂತ ಹಿಂದಿನವರು ಮರುಗಿದರು. ಮುಖ ತೋರಿಸಿದರೂ ಆಗಲಿಲ್ಲ. ಅಪ್ಪ ನನ್ನ ಕಡೆ ತಿರುಗಿ, "ನಾನು ಇದೀನಿ ಅಲ್ವೇನೋ?" ಅಂದರು.

ಆಗ ಕೌಂಟರಿನವರು ಕನ್ನಡಕ ಸರಿಮಾಡಿಕೊಂಡು ಪರದೆ ಓದಿದರು. "ಲಾಕ್ ಆಗಿದೆ ಅಂತ ಬರ್ತಿದೆ. ಯಾರು ಮಾಡಿದ್ದು?"

ನಾನು ಗೋಡೆ ಮೇಲಿನ ಬಡ್ಡಿದರದ ಬೋರ್ಡು ಓದತೊಡಗಿದೆ.

ತಾತ್ಕಾಲಿಕವಾಗಿ ತೆಗೆದರೆ 10 ನಿಮಿಷ ಬೀಗ ತೆರೆದಿರುತ್ತೆ, ಆಮೇಲೆ ತಾನೇ ಬೀಳುತ್ತೆ. ನನ್ನ ಫೋನಿನಲ್ಲಿ ಆಧಾರ್ ವೆಬ್‌ಸೈಟ್ ತೆರೆದೆ. ಒಟಿಪಿ ಅಪ್ಪನ ಫೋನಿಗೆ ಬಂತು. "ಎಷ್ಟಪ್ಪಾ ನಂಬರ್?" ಅಂದೆ.

ಅಪ್ಪ ಫೋನನ್ನು ಎದೆಗೆ ಅವುಚಿಕೊಂಡರು. "ಯಾರಿಗೂ ಹೇಳಬಾರದು, ಮಕ್ಕಳಿಗೂ ಹೇಳಬಾರದು ಅಂತ ನೀನೇ ತಾನೆ ಹೇಳಿದ್ದು?"

"ಅಪ್ಪಾ, ನಾನು ನಿಮ್ಮ ಮಗ."

"ಎಲ್ರೂ ಹಾಗೇ ಅಂತಾರೆ ಅಂತಲೂ ಹೇಳಿದ್ದೆ."

ಸಾಲು ಪೂರ್ತಿ ಅಪ್ಪನ ಪಕ್ಷ ಸೇರಿತು. ಒಬ್ಬರು, ತಮ್ಮ ಭಾವಮೈದನಿಗೂ ಮಗನ ದನಿಯಲ್ಲೇ ಫೋನ್ ಬಂದಿತ್ತು ಅಂತ ಕಥೆ ಶುರು ಮಾಡಿದರು. ಕಥೆ ಮುಗಿಯುವಷ್ಟರಲ್ಲಿ ಒಟಿಪಿ ಅವಧಿಯೂ ಮುಗಿಯಿತು. ಎರಡನೇ ಸಲ ರಾಜಿಯಾಯ್ತು: ನಂಬರನ್ನು ಅಪ್ಪನೇ ಒತ್ತುವುದು. ನನ್ನ ಫೋನನ್ನು ಎಡಗೈ ಮರೆ ಮಾಡಿಕೊಂಡು, ಎಟಿಎಂನಲ್ಲಿ ಒತ್ತುವ ಹಾಗೆ, ಒಂದೊಂದೇ ಅಂಕಿ ಒತ್ತಿದರು. ಬೀಗ ತೆರೆಯಿತು. ಅಷ್ಟರಲ್ಲಿ ಬ್ಯಾಂಕಿನ ಕಂಪ್ಯೂಟರ್ ಗರಗರ ಸುತ್ತತೊಡಗಿತು. ನಾನು ಗಡಿಯಾರ ನೋಡುತ್ತಾ ಬೆವೆತೆ. ಏಳನೇ ನಿಮಿಷಕ್ಕೆ ಯಂತ್ರ ಅಪ್ಪನ ಹೆಬ್ಬೆಟ್ಟನ್ನು ಒಪ್ಪಿಕೊಂಡಿತು, ಸಾಲಿನಲ್ಲಿ ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಬದುಕಿದ್ದಾರೆ ಅನ್ನುವ ಪ್ರಮಾಣದ ಚೀಟಿ ಪ್ರಿಂಟಾಗಿ ಬಂತು. ಹೆಸರು ಸರಿಯಾಗಿದೆಯಾ ಅಂತ ನೋಡಲು ಕೈ ಚಾಚಿದೆ. ಅಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಇಳಿಸಿದರು.

"ಇದರಲ್ಲೂ ನಂಬರ್ ಇದೆ" ಅಂದರು.