ಆನೆ ಕೊಂಡಾಯ್ತು, ಅಂಕುಶ ಯಾವ ಬಣ್ಣದ್ದು?

ನನ್ನ ಗೆಳೆಯನೊಬ್ಬ ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಸಾಲದ ಕಾಟವಿಲ್ಲ, ಕಾಯಿಲೆಯಿಲ್ಲ, ಕೋರ್ಟು ಕಚೇರಿಯ ಅಲೆದಾಟವೂ ಇಲ್ಲ. ಸ್ಪೋರ್ಟಿ ಐಷಾರಾಮಿ ಎಸ್‌ಯುವಿ ಕೊಳ್ಳುವುದೆಂದು ತೀರ್ಮಾನವಾಗಿದೆ, ದುಡ್ಡು ಹೊಂದಿದೆ, ಮನೆಯವರೂ ಒಪ್ಪಿದ್ದಾರೆ. ಬಾಕಿ ಉಳಿದಿರುವುದು ಒಂದೇ ಪ್ರಶ್ನೆ. ಯಾವ ಟ್ರಿಮ್ಮು, ಅಂದರೆ ಒಂದೇ ಗಾಡಿಯ ಯಾವ ದರ್ಜೆ? ಬರೀ ಹೆಸರಿನದೋ, ಹೆಸರಿನ ಪಕ್ಕ ಎಸ್ ಇರುವುದೋ, ಜಿಟಿಎಸ್ಸೋ, ಟರ್ಬೊನೋ?

ರಾತ್ರಿ ಹನ್ನೊಂದಕ್ಕೆ ಫೋನು. "ಲೋ, ಮಲಗಿದ್ಯಾ? ಒಂದೇ ನಿಮಿಷ. ಹಿಂದಿನ ಚಕ್ರ ತಿರುಗೋ ಆಯ್ಕೆ ಹಾಕಿಸಲೋ ಬೇಡವೋ?"

ನನ್ನ ಗಾಡಿಯ ಹಿಂದಿನ ಚಕ್ರ ಕೊಂಡ ದಿನದಿಂದಲೂ ತಿರುಗುತ್ತಲೇ ಇದೆಯಪ್ಪ ಅಂದೆ. ಅದಲ್ಲವಂತೆ. ಸ್ಟೀರಿಂಗ್ ತಿರುಗಿಸಿದರೆ ಹಿಂದಿನ ಚಕ್ರಗಳೂ ಒಂದಿಷ್ಟು ಓರೆಯಾಗುತ್ತವಂತೆ. ಇಷ್ಟುದ್ದದ ಗಾಡಿಯನ್ನು ಮೊದಲು ಮಾಡಿ, ಆಮೇಲೆ ಅದು ಮೂಲೆಯಲ್ಲಿ ತಿರುಗಲು ಒದ್ದಾಡುತ್ತದೆಂದು ಬೇರೆ ದುಡ್ಡು ಇಸಿದುಕೊಳ್ಳುವ ಬುದ್ಧಿವಂತಿಕೆಗೆ ಕೈಮುಗಿದು ಮಲಗಿದೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಚಕ್ರವಲ್ಲ, ಟರ್ಬೊ. ಎಲೆಕ್ಟ್ರಿಕ್ ಗಾಡಿಗೆ ಟರ್ಬೊ ಅಂತ ಹೆಸರಿಟ್ಟ ಕಥೆ ಕೇಳಿ. ಎಂಜಿನ್ ಉಗುಳಿದ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗಿ, ಅದು ಇನ್ನೊಂದನ್ನು ತಿರುಗಿಸಿ, ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಿದರೆ ಅದು ಟರ್ಬೊ. ಹೊಗೆಯಿಲ್ಲದೆ ಟರ್ಬೊ ಇಲ್ಲ. 1974ರಲ್ಲಿ ಪೋರ್ಷೆ ಕಂಪನಿ ತನ್ನ 911ರ ಬೆನ್ನ ಮೇಲೆ ಟರ್ಬೊ ಅಂತ ಬರೆದಾಗ ಒಳಗೆ ಆ ವಸ್ತು ನಿಜಕ್ಕೂ ಇತ್ತು. 2019ರಲ್ಲಿ ಟೇಕಾನ್ ಎಂಬ ಬ್ಯಾಟರಿ ಕಾರಿಗೂ ಅದೇ ಹೆಸರು ಬಂತು. 2024ರಲ್ಲಿ ಎಲೆಕ್ಟ್ರಿಕ್ ಮಕಾನ್ ಎಸ್‌ಯುವಿಗೂ ಬಂತು. ಹೊಗೆ ಕೊಳವೆಯೇ ಇಲ್ಲದ ಗಾಡಿ! ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತ ನಮ್ಮ ಹಿರಿಯರು ಯಾರನ್ನು ನೋಡಿ ಹೇಳಿದರೋ.

ಇನ್ನೊಂದು ಕಡೆ ಪೆಟ್ರೋಲ್ ಮಕಾನ್ ಇತ್ತಲ್ಲ, ಅದರ ಅತಿ ಕಡಿಮೆ ದರ್ಜೆಯ ಎಂಜಿನ್ನಿಗೂ ಟರ್ಬೊ ಇತ್ತು. ಆದರೆ ಅದನ್ನು ಟರ್ಬೊ ಅನ್ನುವ ಹಾಗಿರಲಿಲ್ಲ. ಟರ್ಬೊ ಇದ್ದವರಿಗೆ ಹೆಸರಿಲ್ಲ, ಹೆಸರಿದ್ದವರಿಗೆ ಟರ್ಬೊ ಇಲ್ಲ. ಇಷ್ಟಾದ ಮೇಲೆ ಗಿರಾಕಿಗೆ ಗೊಂದಲವಾಗಬಾರದಲ್ಲ? ಅದಕ್ಕೇ 2023ರಲ್ಲಿ ಕಂಪನಿ ಒಂದು ಬೂದು ಬಣ್ಣ ಕಂಡುಹಿಡಿದು 'ಟರ್ಬೊನೈಟ್' ಅಂತ ನಾಮಕರಣ ಮಾಡಿ, ಟರ್ಬೊ ಮಾಡೆಲ್‌ಗಳಿಗೆ ಮಾತ್ರ ಮೀಸಲಿಟ್ಟಿತು. ಮೂತಿಯ ಮೇಲಿನ ಲಾಂಛನಕ್ಕೂ ಅದೇ ಬಣ್ಣ. ಹೀಗೆ ಒಂದು ಯಂತ್ರ ಐವತ್ತು ವರ್ಷದಲ್ಲಿ ಬೆಳೆದು ಬೆಳೆದು ಕೊನೆಗೆ ಬಣ್ಣವಾಯಿತು. ಮುಂದಿನ ಸಲ ವಾಸನೆಯಾಗಿ ಬಂದರೆ ಆಶ್ಚರ್ಯಪಡಬೇಡಿ.

ಗೆಳೆಯನಿಗೆ ಇದನ್ನೆಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿ, "ಅದೆಲ್ಲ ಸರಿ ಕಣೋ, ಆದರೆ ಸೆಕೆಂಡು ನೋಡು" ಅಂದ.

ಸೆಕೆಂಡು ನೋಡೋಣ. ಸೊನ್ನೆಯಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಬರಲು ಬರೀ ಹೆಸರಿನ ಎಲೆಕ್ಟ್ರಿಕ್ ಮಕಾನ್‌ಗೆ 5.7 ಸೆಕೆಂಡ್. 4 ಎಂಬುದಕ್ಕೆ 5.2. 4ಎಸ್‌ಗೆ 4.1. ಟರ್ಬೊಗೆ 3.3. ಮೊದಲ ಮೆಟ್ಟಿಲಿಗೂ ಕೊನೆಯ ಮೆಟ್ಟಿಲಿಗೂ ಎರಡೂವರೆ ಸೆಕೆಂಡೂ ಇಲ್ಲ. ಒಂದು ಸೀನು ಬಂದು, ಬರಲೋ ಬೇಡವೋ ಅಂತ ಮೂಗಿನಲ್ಲಿ ಆಡಿ, ಕೊನೆಗೆ ಬಂದೇಬಿಡುವಷ್ಟು ಹೊತ್ತು. ಆ ಹೊತ್ತನ್ನು ಉಳಿಸಿ ಗೆಳೆಯ ಏನು ಮಾಡುತ್ತಾನೆ? ಮುಂದಿನ ಕೆಂಪು ದೀಪದಲ್ಲಿ ನಿಲ್ಲುತ್ತಾನೆ. ಹಿಂದೆ ಬಂದ 5.7ರವನು ಪಕ್ಕದಲ್ಲೇ ನಿಂತು ಇವನ ಕಡೆ ನೋಡುತ್ತಾನೆ. ಇವನು ಕಿಟಕಿ ಏರಿಸಿಕೊಳ್ಳುತ್ತಾನೆ.

ಇನ್ನು ಸಂಖ್ಯೆಗಳ ಸಂಗತಿ. ಇದು ಸ್ವಲ್ಪ ದಾರಿ ತಪ್ಪಿದ ಮಾತು, ಆದರೂ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಮರ್ಸಿಡಿಸ್‌ನ ಎಎಂಜಿ ಎಂಬ ವೇಗದ ಗಾಡಿಗಳ ಬೆನ್ನ ಮೇಲೆ '63' ನೋಡಿರುತ್ತೀರಿ. 6.3 ಲೀಟರ್ ಎಂಜಿನ್ ಅಂತ ಅರ್ಥ. ಆ ಎಂಜಿನ್ ಬಂದಾಗ ಅದರ ನಿಜವಾದ ಅಳತೆ 6,208 ಸಿಸಿ, ಅಂದರೆ 6.2. ಹೋಗಲಿ, 1968ರ 300 ಎಸ್ಇಎಲ್ 6.3 ಎಂಬ ಹಿರಿಯಜ್ಜನ ನೆನಪಿಗೆ 2ರ ಬದಲು 3 ಅಂತ ಬರೆದರು, ಪಿತೃಭಕ್ತಿ ಅಂದುಕೊಳ್ಳೋಣ. ಆಮೇಲೆ ಎಂಜಿನ್ 5.5 ಲೀಟರಿಗೆ ಇಳಿಯಿತು, ಹಲಗೆಯ ಮೇಲಿನ 63 ಇಳಿಯಲಿಲ್ಲ. 4.0ಕ್ಕೆ ಇಳಿಯಿತು, ಹಲಗೆ ಅಲ್ಲೇ. 2023ರಲ್ಲಿ ಜಿಎಲ್‌ಸಿ 63 ಎಸ್ ಅಂತ ಬಂತು ನೋಡಿ, ಅದರೊಳಗೆ 2.0 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಜೊತೆಗೊಂದು ಮೋಟಾರು. ಎರಡೂ ಸೇರಿ 680 ಅಶ್ವಶಕ್ತಿ ಕೊಡುತ್ತವೆ, ಅದರಲ್ಲಿ ತಕರಾರಿಲ್ಲ. ಆದರೆ ಮೊದಲಿದ್ದ ಎಂಟರಲ್ಲಿ ನಾಲ್ಕು ಸಿಲಿಂಡರು ಹೋದರೂ 63 ಮಾತ್ರ 63ರಲ್ಲೇ ಇದೆ. ವಯಸ್ಸು ಕೇಳಿದರೆ ಹತ್ತು ವರ್ಷದಿಂದ ಒಂದೇ ಉತ್ತರ ಕೊಡುವ ನಟರ ಹಾಗೆ.

ಆಡಿ ಕಂಪನಿಯವರು ಇದಕ್ಕಿಂತ ಪ್ರಾಮಾಣಿಕರು. 2017ರಲ್ಲಿ ಲೀಟರ್ ಲೆಕ್ಕವೇ ಬೇಡ, ಕಿಲೋವ್ಯಾಟ್ ನೋಡಿ 35, 45, 55 ಅಂತ ಸಂಖ್ಯೆ ಕೊಡ್ತೀವಿ ಅಂದರು. ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎ4, ಎ5 ಅಂತ ಬರುವ ಮಾಡೆಲ್ ಹೆಸರಿಗೇ ಕೈಹಾಕಿ, ಸಮ ಸಂಖ್ಯೆ ಬ್ಯಾಟರಿ ಗಾಡಿಗೆ, ಬೆಸ ಸಂಖ್ಯೆ ಎಂಜಿನ್ ಗಾಡಿಗೆ ಅಂದರು. 2025ರಲ್ಲಿ, ಅದೂ ಬೇಡ, ಹಳೆಯದೇ ಇರಲಿ ಅಂದರು. ಮನೆ ಬದಲಿಸಿದ ನಾಲ್ಕನೇ ದಿನ ಮಂಚವನ್ನು ಮೊದಲಿದ್ದ ಗೋಡೆಗೇ ತಳ್ಳಿದ ಹಾಗೆ.

ಶೋರೂಮಿಗೆ ಅವನ ಜೊತೆ ನಾನೂ ಹೋಗಿದ್ದೆ. ಯಾವ ಕಂಪನಿಯದು ಅಂತ ಕೇಳಬೇಡಿ, ಒಳಗಿನ ತಣ್ಣನೆ ಗಾಳಿ ಎಲ್ಲ ಕಡೆ ಒಂದೇ. ಸೂಟು ತೊಟ್ಟ ಹುಡುಗನೊಬ್ಬ ನೀರು ಕೊಟ್ಟು, ಎದುರಿಗಿದ್ದ ಗಾಡಿ ತೋರಿಸಿ, ದನಿ ತಗ್ಗಿಸಿ, "ಸರ್, ಇದು... ಎಂಟ್ರಿ" ಅಂದ. ಸತ್ತವರ ಮನೆಯಲ್ಲಿ ವಿಷಯ ಹೇಳುವಾಗ ಬರುತ್ತದಲ್ಲ, ಆ ದನಿ. ನನ್ನ ಕಣ್ಣಿಗೆ ಮಹಾಭವ್ಯವಾಗಿ ಕಾಣುತ್ತಿದ್ದ ಗಾಡಿ ಒಂದೇ ಪದಕ್ಕೆ ಬಡವಾಗಿ ನಿಂತಿತು. ಅಸಲಿಗೆ ಕೆಳದರ್ಜೆಯ ಟ್ರಿಮ್ಮನ್ನು ಮಾಡುವುದೇ ಮಾರುವುದಕ್ಕಲ್ಲ ಅನ್ನಿಸುತ್ತದೆ. ಜಾಹೀರಾತಿನಲ್ಲಿ 'ಇಷ್ಟರಿಂದ ಆರಂಭ' ಅಂತ ಬರೆಯಲು ಒಂದು ಬೇಕು, ಗಿರಾಕಿಗೆ ನಾಚಿಕೆ ಹುಟ್ಟಿಸಲು ಒಂದು ಬೇಕು. ಎರಡಕ್ಕೂ ಸೇರಿ ಒಂದೇ ಮಾಡಿರುತ್ತಾರೆ, ಖರ್ಚು ಉಳಿಯುತ್ತದೆ.

ಹುಡುಗ ಆಮೇಲೆ ಚರ್ಮದ ತುಂಡುಗಳ ಗೊಂಚಲು ತಂದ. ಬೀಗದಕೈ ಗೊಂಚಲಿನ ಹಾಗೆ ಒಂದು ಬಳೆಗೆ ಪೋಣಿಸಿದ ಅಂಗೈಯಗಲದ ತುಂಡುಗಳು. ಗೆಳೆಯ ಎರಡನ್ನು ಬಿಡಿಸಿ ದೀಪಕ್ಕೆ ಹಿಡಿದ. ಎರಡೂ ಕಪ್ಪು. ತಿರುಗಿಸಿದ, ಹೆಬ್ಬೆರಳಿನಿಂದ ಉಜ್ಜಿದ, ಮೂಗಿಗೆ ತಂದು ಮೂಸಿದ. "ಇದು ಜಾಸ್ತಿ ಕಪ್ಪು ಅಲ್ವಾ?" ಅಂತ ನನ್ನನ್ನು ಕೇಳಿದ. ನನಗೆ ಕಂಡದ್ದು ಒಂದರ ಹಿಂದೆ ಅಂಟಿಸಿದ್ದ ಚೀಟಿಯ ಅಂಟು ಬಿಟ್ಟಿದ್ದು ಮಾತ್ರ. ಹುಡುಗ ಅವನ ಕಡೆ ಮೆಚ್ಚುಗೆಯಿಂದ ನೋಡಿ, "ಸರ್ ಕಣ್ಣು ಸೂಕ್ಷ್ಮ" ಅಂದ. ಆ ಮೂರು ಪದಕ್ಕೆ ಗೆಳೆಯ ಒಂದು ದರ್ಜೆ ಮೇಲೆ ಹತ್ತಿದ್ದನ್ನು ಈ ಕಣ್ಣಾರೆ ಕಂಡೆ.

ಆಯ್ಕೆಪಟ್ಟಿಯಂತೂ ಓದಲೇಬೇಕಾದ ಸಾಹಿತ್ಯ. ಸೀಟ್‌ಬೆಲ್ಟಿಗೆ ಬೇರೆ ಬಣ್ಣ. ಹೊಲಿಗೆಯ ದಾರಕ್ಕೆ ಬೇರೆ ಬಣ್ಣ. ಬೀಗದಕೈಗೆ ಗಾಡಿಯದೇ ಬಣ್ಣ, ಅದಕ್ಕೊಂದು ಚರ್ಮದ ಚೀಲ. ತಲೆಯಾನುವ ದಿಂಬಿನ ಮೇಲೆ ಅಚ್ಚೊತ್ತಿದ ಲಾಂಛನ. ಹಿಂದೆ ಕೂತವರು ದಾರಿಯುದ್ದಕ್ಕೂ ಅದನ್ನೇ ನೋಡುತ್ತಿರಬೇಕು. ಏಸಿ ಗಾಳಿ ಬರುವ ಕಿಂಡಿಯ ಪಟ್ಟಿಗಳಿಗೆ ಚರ್ಮ ಹೊದಿಸಿ ಕೊಡುವುದೂ ಉಂಟು. ನಾನು ಕಟ್ಟಿದ ಕಥೆಯಲ್ಲ, ಪೋರ್ಷೆಯ ಪಟ್ಟಿಯಲ್ಲೇ ಇದ್ದ ಆಯ್ಕೆ. ಗಾಳಿಗೆ ಚಳಿಯಾಗಬಾರದು ಅಂತ ಇರಬೇಕು.

ನನಗೆ ಅತ್ಯಂತ ಇಷ್ಟವಾದದ್ದು ಮಾತ್ರ, ಹಿಂದೆ ಬರೆದಿರುವ ಮಾಡೆಲ್ ಹೆಸರನ್ನು ತೆಗೆದುಹಾಕುವ ಆಯ್ಕೆ. ಎಸ್ ಬೇಕೋ ಜಿಟಿಎಸ್ ಬೇಕೋ ಅಂತ ತಿಂಗಳುಗಟ್ಟಲೆ ಒದ್ದಾಡಿ, ಎರಡಕ್ಷರಕ್ಕೆ ಇನ್ನೊಂದು ಕಾರಿನಷ್ಟು ದುಡ್ಡು ಸುರಿದು, ಕೊನೆಗೆ ಆ ಅಕ್ಷರಗಳನ್ನೇ ಕೀಳಿಸುವುದು. ಇದು ವೈರಾಗ್ಯವೋ ಚಾಲಾಕಿಯೋ ಹೇಳುವುದು ಕಷ್ಟ, ಯಾಕೆಂದರೆ ಕೀಳಿಸುವವರು ಎರಡು ಜಾತಿ. ಮೇಲಿನ ದರ್ಜೆ ಕೊಂಡವರು 'ಗೊತ್ತಿದ್ದವರಿಗೆ ಗೊತ್ತಾದರೆ ಸಾಕು' ಅಂತ ಕೀಳಿಸುತ್ತಾರೆ. ಕೆಳಗಿನದು ಕೊಂಡವರು ಗೊತ್ತಿದ್ದವರಿಗೂ ಗೊತ್ತಾಗದಿರಲಿ ಅಂತ. ಮೂರನೆಯ ಜಾತಿಯೊಂದಿದೆ, ಅವರು ಏನನ್ನೂ ಕೀಳಿಸುವುದಿಲ್ಲ, ಅಂಟಿಸುತ್ತಾರೆ. ಅವರಿಗಾಗಿಯೇ ಎಂ ಸ್ಪೋರ್ಟ್, ಎಸ್ ಲೈನ್, ಎಎಂಜಿ ಲೈನ್ ಎಂಬ ಅಲಂಕಾರದ ಆಯ್ಕೆಗಳು ಇರುವುದು. ಎಂಜಿನ್ ಸಾಧಾರಣದ್ದೇ, ಬಂಪರು ಪೈಲ್ವಾನನದು.

ಪೈಲ್ವಾನರ ಮಾತು ಬಂತಲ್ಲ, ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಎಂಬ ರೇಸ್ ಹಾದಿಯ ಗರಡಿಯನ್ನು ಬಿಡುವಂತಿಲ್ಲ. ಒಂದು ಸುತ್ತು 20.832 ಕಿಲೋಮೀಟರ್. 2021ರಲ್ಲಿ ಪೋರ್ಷೆಯ ಕಯೆನ್ ಟರ್ಬೊ ಜಿಟಿ ಎಂಬ ಎಸ್‌ಯುವಿ ಅದನ್ನು 7 ನಿಮಿಷ 38.925 ಸೆಕೆಂಡಿನಲ್ಲಿ ಸುತ್ತಿತು. 2024ರಲ್ಲಿ ಆಡಿಯ ಆರ್‌ಎಸ್ ಕ್ಯೂ8 ಪರ್ಫಾರ್ಮೆನ್ಸ್ 7 ನಿಮಿಷ 36.698 ಸೆಕೆಂಡಿಗೆ ಸುತ್ತಿ ಅದನ್ನು ಮಣಿಸಿತು. ಎರಡೂ ಒಂದೇ ತಳಪಾಯದ ಗಾಡಿಗಳು, ಎರಡಕ್ಕೂ ಸ್ಲೊವಾಕಿಯಾ ದೇಶದ ಬ್ರಾಟಿಸ್ಲಾವಾದ ಒಂದೇ ಕಾರ್ಖಾನೆ ತವರು. ಒಂದೇ ಮನೆಯ ಅಣ್ಣತಮ್ಮಂದಿರು ಅಂಗಳದಲ್ಲಿ ಓಡಿ, ಎರಡು ಸೆಕೆಂಡಿಗೆ ಒಬ್ಬ ಗೆದ್ದ ಅಂತ ಪತ್ರಿಕಾ ಹೇಳಿಕೆ ಕೊಟ್ಟರು. ಆ ಕಯೆನ್ನಿಗೆ ಭಾರ ಇಳಿಸಲು ಕಾರ್ಬನ್ ಚಾವಣಿ ಹೊದಿಸಿದ್ದಾರೆ, ಟೈಟಾನಿಯಂ ಹೊಗೆ ಕೊಳವೆ ಹಾಕಿದ್ದಾರೆ. ಇಷ್ಟೆಲ್ಲ ಇಳಿಸಿದ ಮೇಲೆ ಅದರ ತೂಕ 2,220 ಕಿಲೋ. ಉಪವಾಸ ಮಾಡಿದ ಆನೆ.

ಇಲ್ಲಿಯವರೆಗೆ ನಗು. ಇನ್ನು ಸೀಟಿನ ವಿಷಯ.

2022ರಲ್ಲಿ ಬಿಎಂಡಬ್ಲ್ಯು ಕಂಪನಿ ಕೆಲವು ದೇಶಗಳಲ್ಲಿ ಸೀಟು ಬೆಚ್ಚಗಾಗಲು ತಿಂಗಳ ಬಾಡಿಗೆ ಇಟ್ಟಿತು. ಬಿಸಿಮಾಡುವ ತಂತಿ ಸೀಟಿನೊಳಗೆ ಆಗಲೇ ಇದೆ, ನೀವು ಅದರ ಮೇಲೇ ಕೂತಿದ್ದೀರಿ, ಆದರೆ ಬಾಡಿಗೆ ಕಟ್ಟುವವರೆಗೆ ಸಾಫ್ಟ್‌ವೇರ್ ಅದನ್ನು ಎಬ್ಬಿಸುವುದಿಲ್ಲ. ಜಗತ್ತೆಲ್ಲ ಉಗಿದ ಮೇಲೆ 2023ರಲ್ಲಿ ಕೈಬಿಟ್ಟರು. ಅದೇ 2022ರ ನವೆಂಬರಿನಲ್ಲಿ ಮರ್ಸಿಡಿಸ್ ಅಮೆರಿಕದಲ್ಲಿ, ವರ್ಷಕ್ಕೆ 1,200 ಡಾಲರ್ ಕೊಟ್ಟರೆ ತನ್ನ ಎಲೆಕ್ಟ್ರಿಕ್ ಗಾಡಿಗಳ ಓಟ ಚುರುಕು ಮಾಡುವುದಾಗಿ ಹೇಳಿತು. ಮೋಟಾರು ಅದೇ, ಬ್ಯಾಟರಿ ಅದೇ. ಕೊಂಡವನ ಗಾಡಿಯೊಳಗೆ ಕೊಂಡವನದಲ್ಲದ ಶಕ್ತಿಯನ್ನು ಬಚ್ಚಿಟ್ಟು ಬೀಗದಕೈ ಮಾರುವುದು. ಇದಕ್ಕೆ ವ್ಯಾಪಾರ ಅನ್ನುವ ಪದ ನನ್ನ ಬಾಯಲ್ಲಿ ಬರುತ್ತಿಲ್ಲ. ಬೇರೆ ಪದ ಬರುತ್ತಿದೆ, ಅಚ್ಚುಹಾಕುವುದಿಲ್ಲ.

ಅದೂ ಹೋಗಲಿ, ದುಡ್ಡಿದ್ದವರ ಕುಂಡೆ, ದುಡ್ಡಿದ್ದವರ ಬಿಸಿ. ಆದರೆ ಈ ಗಾಡಿಗಳ ಮುಂದೆ ರಸ್ತೆ ದಾಟುವವರು ಯಾವ ಟ್ರಿಮ್ಮನ್ನೂ ಆರಿಸಿದವರಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ, ಐಐಎಚ್‌ಎಸ್, 2023ರಲ್ಲಿ ಲೆಕ್ಕಹಾಕಿ ಹೇಳಿತು: ಬಾನೆಟ್ಟಿನ ಮುಂತುದಿ 40 ಇಂಚಿಗಿಂತ ಎತ್ತರವಿರುವ ಗಾಡಿ ಪಾದಚಾರಿಗೆ ಗುದ್ದಿದರೆ ಸಾವಿನ ಸಂಭವ ಸುಮಾರು ಶೇ. 45ರಷ್ಟು ಹೆಚ್ಚು, 30 ಇಂಚು ಇಲ್ಲವೇ ಅದಕ್ಕೂ ತಗ್ಗಾಗಿ ಇಳಿಜಾರಿರುವ ಗಾಡಿಗೆ ಹೋಲಿಸಿದರೆ. 40 ಇಂಚು ಅಂದರೆ ನಾಲ್ಕು ವರ್ಷದ ಮಗುವಿನ ಎತ್ತರ. ಆ ಇಡೀ ಆಯ್ಕೆಪಟ್ಟಿಯನ್ನು ನಾನು ಎರಡು ಸಲ ಓದಿದೆ. ದಾರದ ಬಣ್ಣವಿದೆ, ಬೆಲ್ಟಿನ ಬಣ್ಣವಿದೆ. ಮೂತಿ ನಾಲ್ಕಿಂಚು ತಗ್ಗಿಸಿ ಅನ್ನುವ ಸಾಲು ಎಲ್ಲೂ ಇಲ್ಲ. ಸುತ್ತಮುತ್ತ ತೋರಿಸುವ ಕ್ಯಾಮೆರಾ ಇದೆ, ಆದರೆ ಅದೂ ಆಯ್ಕೆಯೇ. ಎದುರಿಗೆ ನಿಂತವರನ್ನು ಕಾಣುವುದು ಒಂದು ಶೋಕಿ, ಬೇಕಿದ್ದರೆ ಹಾಕಿಸಿಕೊಳ್ಳಿ. ಬರೆದು ಬರೆದು ಸುಸ್ತಾಗುತ್ತದೆ.

ಮೊನ್ನೆ ರಾತ್ರಿ ಫೋನು ಬಂತು. "ಬುಕ್ ಮಾಡಿಬಿಟ್ಟೆ ಕಣೋ. ಜಿಟಿಎಸ್ಸೇ. ಆದರೆ ಬಜೆಟ್ಟು ಸ್ವಲ್ಪ ಮೀರಿತು, ಏನಾದರೂ ಒಂದು ಬಿಡಲೇಬೇಕಿತ್ತು."

"ಕೆಂಪು ಬೆಲ್ಟ್ ಬಿಟ್ಯಾ?"

"ಛೆ, ಅದನ್ನ ಬಿಡೋಕಾಗುತ್ತಾ? ಒಳಗೆ ಕೂತರೆ ಎದ್ದು ಕಾಣೋದೇ ಅದು. ಸುತ್ತಲ ಕ್ಯಾಮೆರಾ ತೆಗೆಸಿದೆ."

"ಮುಂದೆ ಯಾವುದಾದರೂ ಮಗು ನಿಂತಿದ್ದರೆ?"

ಆ ಕಡೆ ಸ್ವಲ್ಪ ಹೊತ್ತು ಕಾಗದ ಮಗುಚುವ ಸದ್ದು. ಪಟ್ಟಿ ನೋಡುತ್ತಿದ್ದ.

"ಹಾರ್ನ್ ಇದೆಯಲ್ಲೋ. ಅದು ಎಲ್ಲ ಮಾಡೆಲ್ಲಿಗೂ ಫ್ರೀ."